ಗಾಲಿ ನೆಲ ಹಿಡಿದರೇ ಬಂಡಿ

ಜಪಾನಿನ ತಮಿಯಾ ಕಂಪನಿ 1987ರಲ್ಲಿ 'ಕ್ಲಾಡ್ ಬಸ್ಟರ್' ಎಂಬ ಟ್ರಕ್ಕನ್ನು ಹೊರತಂದಿತು. ಆಳು ಕೂರುವ ಟ್ರಕ್ಕಲ್ಲ. ದೂರ ನಿಂತು ರಿಮೋಟಿನಲ್ಲಿ ಓಡಿಸೋ, ಅಸಲಿನ ಹತ್ತನೇ ಒಂದು ಅಳತೆಯ ಆಟದ ಬಂಡಿ. ಆಕ್ಸಲಿಗೊಂದು ಮೋಟರು. ನಾಲ್ಕು ಗಾಲಿಗೂ ಎಳೆತ, ನಾಲ್ಕೂ ತಿರುಗುತ್ತವೆ.

ಆದರೆ ಒಂದು ಕೊರತೆ ಉಂಟು. ಗಾಲಿ ತಿರುಗಿಸುವ ಸರ್ವೋ ಎಂಬ ಚಿಕ್ಕ ಯಂತ್ರ ಕೂತಿರೋದು ಚಾಸಿ ಮೇಲೆ. ಗಾಲಿ ಇರೋದು ಆಕ್ಸಲಿನಲ್ಲಿ. ನಡುವೆ ಒಂದು ಕಡ್ಡಿ. ಕಲ್ಲು ಹತ್ತಿದಾಗ ಸ್ಪ್ರಿಂಗ್ ಕುಗ್ಗಿ ಆಕ್ಸಲು ಮೇಲೇಳುತ್ತದೆ. ಕಡ್ಡಿಯ ಉದ್ದ ಬದಲಾಗೋದಿಲ್ಲವಲ್ಲ, ಅದು ಗಾಲಿಯನ್ನೇ ಪಕ್ಕಕ್ಕೆ ದೂಡುತ್ತದೆ. ನೀವು ತಿರುಗಿಸದಿದ್ದರೂ ಬಂಡಿ ತಿರುಗುತ್ತದೆ.

ಸ್ಪ್ರಿಂಗ್ ಬಿಗಿ ಮಾಡಿದರಾಯ್ತು ಅಂತಾರೆ ಕೆಲವರು. ಅಲುಗಾಟ ಕಮ್ಮಿಯಾದೀತು; ಗಾಲಿ ಮಾತ್ರ ನೆಲ ಬಿಟ್ಟು ಕುಣಿಯುತ್ತದೆ. ನಮ್ಮ ಟ್ರ್ಯಾಕ್ಟರನ್ನೇ ನೋಡಿ. ಮುಂದಿನ ಆಕ್ಸಲು ನಡುಪಿನ್ನಿನ ಮೇಲೆ ತೂಗುವುದರಿಂದಲೇ ಒಂದು ಗಾಲಿ ಬದು ಹತ್ತಿದರೂ ಇನ್ನೊಂದು ನೆಲ ಬಿಡೋದಿಲ್ಲ. ಆ ತೂಗಾಟ ಕಟ್ಟಿಹಾಕಿದರೆ ಹಿಡಿತ ಎಲ್ಲಿಂದ ಬಂತು?

ಬಲ್ಲವರು ಸರ್ವೋವನ್ನೇ ಚಾಸಿಯಿಂದ ಬಿಚ್ಚಿ, ಗಟ್ಟಿ ಪಟ್ಟಿ ಕೊಟ್ಟು ಆಕ್ಸಲಿನ ಮೇಲೆ ಕೂರಿಸುತ್ತಾರೆ. ಆಕ್ಸಲು ಎದ್ದರೆ ಸರ್ವೋನೂ ಜೊತೆಗೇ ಏಳುತ್ತದೆ, ಕಡ್ಡಿಗೆ ಎಳೆದಾಟವಿಲ್ಲ. ವೈರನ್ನು ಸ್ವಲ್ಪ ಸಡಿಲ ಬಿಟ್ಟರೆ ಸಾಕು. ಆಮೇಲೆ ಮೆತ್ತನೆ ಸ್ಪ್ರಿಂಗೂ, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರೂ ಧೈರ್ಯವಾಗಿ ಹಾಕಬಹುದು.

ಮಕ್ಕಳು ಆಟದ ಬಂಡಿ ಬಿಚ್ಚಿ ಕೂತರೆ ಗದರಬೇಡಿ. ಕುಣಿತ ಅಡಗಿಸೋದು ಬೇರೆ, ಅದರ ಬೇರು ಹುಡುಕೋದು ಬೇರೆ ಅಂತ ಅಲ್ಲೇ ಕಲಿತಾರೆ. ನಾಳೆ ಪಂಪ್‌ಸೆಟ್ ಕೆಟ್ಟಾಗ ಆ ಕಲಿಕೆಯೇ ಕೈ ಹಿಡಿಯೋದು. ನಾವು ಗಾಲಿ ಅನ್ನಲಿ, ತೆಲುಗರು ಚಕ್ರಂ ಅನ್ನಲಿ, ನೆಲ ಹಿಡಿದರೇ ಅದು ಬಂಡಿ.