ಜಡೆ ಬೆಳ್ಳುಳ್ಳಿ ಬೇಕೇ? ಕೀಳುವ ಮೊದಲೇ ಹೇಳಿಡಿ

ಅಂಗಡಿಯಿಂದ ತಂದ ಬೆಳ್ಳುಳ್ಳಿ ತಿಂಗಳು ಕಳೆಯುವಷ್ಟರಲ್ಲಿ ಮೊಳಕೆ ಒಡೆಯುತ್ತದೆ, ಇಲ್ಲವೇ ಎಸಳು ಜಳ್ಳಾಗುತ್ತದೆ. ಐದಾರು ತಿಂಗಳು ಇಟ್ಟು ಬಳಸಬೇಕೆಂದರೆ, ಸೊಪ್ಪು ಕತ್ತರಿಸದೆ ಜಡೆಯಂತೆ ಹೆಣೆದ ಬೆಳ್ಳುಳ್ಳಿ ಒಳ್ಳೆಯದು. ಅರಸೀಕೆರೆ, ಬೇಲೂರು, ಹಳೇಬೀಡು ಕಡೆ ಇದು ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಸರಕಲ್ಲ. ಹೊಲದ ಮೂಲೆಯಲ್ಲೋ ಹಿತ್ತಲಲ್ಲೋ ನಾಲ್ಕು ಮಡಿ ಹಾಕುವ ಸಣ್ಣ ಬೆಳೆಗಾರರಿಗೆ ಹೇಳಿ ಮಾಡಿಸಿಕೊಳ್ಳಬೇಕು.

ಜಡೆಯಲ್ಲಿ ಮಾಯವೇನೂ ಇಲ್ಲ. ಗೆಡ್ಡೆಯನ್ನು ಸೊಪ್ಪಿನ ಸಮೇತ ಕಿತ್ತು ನೆರಳಲ್ಲಿ ಒಣಗಿಸಿದಾಗ ಸೊಪ್ಪು, ಹೊರಸಿಪ್ಪೆ, ಕತ್ತು ನಿಧಾನವಾಗಿ ಒಣಗುತ್ತವೆ. ಇದಕ್ಕೆ ಕ್ಯೂರಿಂಗ್, ಅಂದರೆ ಹದವಾಗಿ ಒಣಗಿಸುವುದು ಎನ್ನುತ್ತಾರೆ. ಕತ್ತು ಬಿಗಿಯಾಗಿ ಮುಚ್ಚಿಕೊಂಡರೆ ತೇವವೂ ಬೂಷ್ಟೂ ಒಳಗೆ ಹೋಗುವುದು ಕಷ್ಟ. ಹಸಿಯಾಗಿರುವಾಗಲೇ ಕತ್ತು ಕತ್ತರಿಸಿದರೆ ಅದು ತೆರೆದ ಗಾಯ. ವ್ಯಾಪಾರಿಗೆ ಮೂಟೆ ತುಂಬುವ ಅವಸರ, ಸೊಪ್ಪು ಅವನಿಗೆ ಬೇಡ. ಆದ್ದರಿಂದ ಹೆಚ್ಚಿನ ಮಾಲು ಕತ್ತರಿಸಿಕೊಂಡೇ ಪೇಟೆಗೆ ಬರುತ್ತದೆ. ಒಮ್ಮೆ ಕತ್ತರಿಸಿದ ಮೇಲೆ ಜಡೆ ಹೆಣೆಯಲು ಏನೂ ಉಳಿಯುವುದಿಲ್ಲ.

ಯಾವ ಬೆಳೆ ಕೊಳ್ಳಬೇಕು? ಹಿಂಗಾರಿನದು. ಅಕ್ಟೋಬರ್, ನವೆಂಬರ್‌ನಲ್ಲಿ ಹಾಕಿದ್ದು ಸುಮಾರು ನಾಲ್ಕು ತಿಂಗಳಿಗೆ, ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೀಳಲು ಬರುತ್ತದೆ. ಆಗ ಗಾಳಿ ಒಣಗಿರುತ್ತದೆ. ಮುಂಗಾರಿನ ಬೆಳೆ ಮಳೆಯಲ್ಲೇ ಕಿತ್ತದ್ದಾದರೆ ಚೆನ್ನಾಗಿ ಒಣಗುವುದು ಕಷ್ಟ. ಅದನ್ನು ಬೇಗ ಬಳಸಿ ಮುಗಿಸುವುದೇ ವಾಸಿ. ಸಣ್ಣ ಎಸಳಿನ, ಸಿಪ್ಪೆ ಬಿಗಿಯಾದ ನಾಟಿ ಬೆಳ್ಳುಳ್ಳಿ ಸುಲಿಯಲು ಬೇಸರ ನಿಜ. ಇಟ್ಟುಕೊಳ್ಳುವುದಕ್ಕೆ ನನ್ನ ಮತ ಅದಕ್ಕೇ.

ಕೀಳುವ ಹದಿನೈದು ದಿನ ಮೊದಲೇ "ಯಜಮಾನ್ರೇ, ನಮಗೆ ಇಷ್ಟು ಕಿಲೋ ಸೊಪ್ಪು ಕೊಯ್ಯದೆ ಬಿಡಿ" ಎಂದು ಹೇಳಿಡಿ. ಕಿತ್ತ ಮೇಲೆ ವಾರ ಹತ್ತು ದಿನ ನೆರಳಲ್ಲಿ ಹರಡಿ, ಸೊಪ್ಪು ಪೂರ್ತಿ ಗರಿಗರಿಯಾಗುವ ಮೊದಲು ಹೆಣೆಯಬೇಕು. ಮೂರು ಗೆಡ್ಡೆಯ ಸೊಪ್ಪಿನಿಂದ ಶುರು ಮಾಡಿ, ಒಂದೊಂದೇ ಗೆಡ್ಡೆ ಸೇರಿಸುತ್ತ ಹೋಗಿ, ಕೊನೆಗೆ ಬಾಳೆನಾರಿನಲ್ಲೋ ಸುತಳಿಯಲ್ಲೋ ಬಿಗಿದರೆ ಮುಗಿಯಿತು. ಹೆಣೆಯಲು ಬರದಿದ್ದರೆ ಹತ್ತಿಪ್ಪತ್ತು ಗೆಡ್ಡೆಯ ಕಟ್ಟು ಕಟ್ಟಿಸಿಕೊಳ್ಳಿ. ನೋಟ ಕಡಿಮೆ, ಬಾಳಿಕೆ ಹೆಚ್ಚುಕಡಿಮೆ ಅಷ್ಟೇ.

ಕೊಳ್ಳುವಾಗ ಕತ್ತನ್ನು ಬೆರಳಲ್ಲಿ ಹಿಸುಕಿ ನೋಡಿ. ಮೆತ್ತಗೆ ಜಾರಿದರೆ ಇನ್ನೂ ಹಸಿ ಇದೆ. ಹೊರಸಿಪ್ಪೆ ಸರಸರ ಸದ್ದು ಮಾಡಬೇಕು, ಬುಡದ ಬೇರು ಒಣಗಿ ಗಡುಸಾಗಿರಬೇಕು. ಸಿಪ್ಪೆಯಡಿ ಕಪ್ಪು ಪುಡಿ ಕಂಡರೆ ಅದು ಬೂಷ್ಟು, ಆ ಜಡೆ ಬೇಡ.

ಬೆಲೆ? ಬೆಳ್ಳುಳ್ಳಿಯಷ್ಟು ಏರಿಳಿಯುವ ಸಾಮಾನು ಕಡಿಮೆ. 2024ರ ಕೊನೆಗೆ ಬೆಂಗಳೂರಿನ ಚಿಲ್ಲರೆ ಅಂಗಡಿಗಳಲ್ಲಿ ಕಿಲೋಗೆ 400 ರೂಪಾಯಿ ದಾಟಿತ್ತು, ಮರುವರ್ಷ ಇಳಿಯಿತು. ಆದ್ದರಿಂದ ಆ ವಾರದ ಸಂತೆ ಬೆಲೆಯನ್ನೇ ಆಧಾರ ಮಾಡಿಕೊಂಡು, ಹೆಣೆದ ಕೂಲಿಯನ್ನು ಬೇರೆ ಕೊಡಿ. ಹೆಣೆಯುವುದು ಹೆಚ್ಚಾಗಿ ಮನೆಯ ಹೆಂಗಸರು. ಕೂಲಿ ಅವರ ಕೈಗೇ ಹೋಗಲಿ. ತೂಕ ಮಾತ್ರ ಒಣಗಿದ ಮೇಲೆ ಮಾಡಿಸಿ, ಇಲ್ಲದಿದ್ದರೆ ನೀರಿಗೂ ದುಡ್ಡು ಕೊಟ್ಟಂತೆ. ತಿಂಗಳಿಗೆ ಅರ್ಧ ಕಿಲೋ ಬಳಸುವ ಮನೆಗೆ ಆರು ತಿಂಗಳಿಗೆ 3 ಕಿಲೋ ಬೇಕು. ಒಣಗಿ ಕಡಿಮೆಯಾಗುವುದಕ್ಕೆ ಇನ್ನರ್ಧ ಕಿಲೋ ಸೇರಿಸಿ.

ಫ್ರಿಡ್ಜ್‌ನಲ್ಲಿಡಬಹುದೇ ಎಂದು ಅನೇಕರು ಕೇಳುತ್ತಾರೆ. ಬೇಡ. ಅಲ್ಲಿನ 5 ಡಿಗ್ರಿ ಆಸುಪಾಸಿನ ತಂಪು ಮೊಳಕೆಗೆ ಕರೆ ಕೊಟ್ಟಂತೆ. ಪ್ಲಾಸ್ಟಿಕ್ ಕವರೂ ಬೇಡ. ಗಾಳಿಯಾಡುವ ಕಡೆ, ಬಿಸಿಲು ಬೀಳದಂತೆ ತೂಗುಹಾಕಿ. ಒಲೆಯ ಮೇಲಿನ ಅಟ್ಟ ಸೌದೆ ಹೊಗೆಯ ಕಾಲಕ್ಕೆ ಸರಿಯಿತ್ತು. ಈಗ ಗ್ಯಾಸ್ ಒಲೆಯಿಂದ ಏಳುವ ಅನ್ನದ ಹಬೆ ಗೆಡ್ಡೆಗೆ ಶತ್ರು. ಅರಸೀಕೆರೆಯ ಒಣ ಹವೆಯಲ್ಲಿ ಇಷ್ಟು ಸಾಕು. ಬೇಲೂರಿನವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಮುಟ್ಟಿ ನೋಡಿ, ಮೆತ್ತಗಾದ ಗೆಡ್ಡೆಯನ್ನು ಕತ್ತರಿಸಿ ತೆಗೆಯಬೇಕು. ಮೊಳಕೆ ಬಂದದ್ದನ್ನು ಅಡುಗೆಗೆ ಹಾಕಬಹುದು, ಬೂಷ್ಟು ಹಿಡಿದದ್ದನ್ನು ಎಸೆಯಿರಿ.

ಬೆಳೆಗಾರರನ್ನು ಹುಡುಕಲು ವಾರದ ಸಂತೆಯೇ ಮೊದಲ ದಾರಿ. ಸಣ್ಣ ರಾಶಿ ಹಾಕಿಕೊಂಡು ಕೂತವರನ್ನು "ನಿಮ್ಮ ಹೊಲದ್ದೇನಾ?" ಎಂದು ಕೇಳಿ. ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ, ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಈ ಹಿಂಗಾರಿಗೆ ಬಿತ್ತುವಾಗಲೇ ಒಬ್ಬರ ಫೋನ್ ನಂಬರ್ ಪಡೆದು, ಜನವರಿಯಲ್ಲಿ ಒಮ್ಮೆ ನೆನಪಿಸಿ.