ಹುಳ ಮುಟ್ಟಿದಾಗ

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಕತ್ತಲಾದ ಮೇಲೆ ಹಾವು ಅನ್ನಬಾರದು, 'ಹುಳ' ಅನ್ನಬೇಕು. ಕಚ್ಚಿತು ಅನ್ನೋದಿಲ್ಲ, 'ಹುಳ ಮುಟ್ತು' ಅಂತಾರೆ. ಮುಟ್ಟಿಸಿಕೊಳ್ಳದೆ ಬದುಕಿದ ಕೇರಿಯವರಿಗೆ ಈ ಮಾತು ಬೇರೆಯೇ ಕೇಳಿಸುತ್ತದೆ.

ಅರಳಿಕಟ್ಟೆಯ ನಾಗರಕಲ್ಲಿಗೆ ಮಕ್ಕಳಾಗದ ಹೆಂಗಸರು ಹರಕೆ ಹೊರುತ್ತಾರೆ, ಹುತ್ತಕ್ಕೆ ತನಿ ಎರೆಯುತ್ತಾರೆ. ಹಾವಿಗೆ ಹಾಲು ಆಹಾರವಲ್ಲ. ಇಲಿ, ಕಪ್ಪೆ ತಿಂದು ಬದುಕುವ ಜೀವ ಅದು. ಹುತ್ತವೂ ಗೆದ್ದಲು ಕಟ್ಟಿದ್ದು. ಹಾಗಂತ ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಬಿಟ್ಟರೆ ಅರ್ಧ ಸತ್ಯ ಹೇಳಿದಂತೆ. ಬರಿಗಾಲಲ್ಲಿ ಹೊಲಕ್ಕಿಳಿಯುವವರ ಭಯ, ಬೆಳೆ ತಿನ್ನುವ ಇಲಿ ಹಿಡಿಯುವ ಜೀವದ ಮೇಲಿನ ಮರ್ಯಾದೆ, ಎರಡೂ ಇದರೊಳಗಿವೆ. ಮಾದಪ್ಪನ ಬೆಟ್ಟದ ಸೀಮೆಯ ನಾಗಮಲೆಯಲ್ಲಿ ಹೆಡೆಯಂಥ ಬಂಡೆಯ ಕೆಳಗೆ ಲಿಂಗವಿದೆ. ಅಲ್ಲಿ ನಾಗ ನೆರಳು ಕೊಡುವವನು, ಶಾಪ ಕೊಡುವವನಲ್ಲ.

ಹಾಗಾದರೆ ಶಾಪ ಎಲ್ಲಿಂದ ಬಂತು? ಮಹಾಭಾರತದಲ್ಲಿ ಖಾಂಡವವನ ಸುಟ್ಟಾಗ ಬೆಂದವರು ನಾಗರು. ಜನಮೇಜಯನ ಯಾಗಕ್ಕೆ ಬಿದ್ದವರೂ ನಾಗರೇ. ನಾಗರೆಂದರೆ ಹಾವಲ್ಲ, ಒಂದು ಜನಾಂಗ ಎಂದು ಅಂಬೇಡ್ಕರ್ 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ವಾದಿಸಿದರು. 1956ರಲ್ಲಿ ದೀಕ್ಷೆಗೆ ನಾಗಪುರವನ್ನೇ ಆರಿಸಿದ್ದು ಯಾಕೆಂದು ವಿವರಿಸುವಾಗ ಬೌದ್ಧ ಧರ್ಮ ಹರಡಿದ ನಾಗರನ್ನು ನೆನೆದರು. ಈ ವಾದವನ್ನು ಇತಿಹಾಸಕಾರರೆಲ್ಲ ಒಪ್ಪಬೇಕಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ: ಸುಟ್ಟವರಿಗೆ ಅಂಟದ ದೋಷ ಬೆಂದವರ ಹೆಸರಿಗೆ ಹೇಗೆ ಅಂಟಿತು? 'ನಾಗದೋಷ' ಕಳೆಯಲು ದಕ್ಷಿಣೆ ಬೇರೆ. ಕುಕ್ಕೆ ಸುಬ್ರಹ್ಮಣ್ಯದಲ್ಲಂತೂ ಚರ್ಮರೋಗ ಹೋಗುತ್ತದೆಂದು ಜನ ಬ್ರಾಹ್ಮಣರ ಎಂಜಲೆಲೆ ಮೇಲೆ ಉರುಳಿದರು. 2014ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ರಾಜ್ಯದ 2017ರ ಕಾಯ್ದೆ ಮಡೆಸ್ನಾನವನ್ನು ನಿಷೇಧಿಸಿತು.

ಹುಳಕ್ಕೆ ಜಾತಿ ಗೊತ್ತಿಲ್ಲ. ಆದರೆ ಅದು ಮುಟ್ಟುವ ಕಾಲಿಗೆ ಜಾತಿಯುಂಟು. ಅರಿಶಿನ ಕೀಳುವ ಕೂಲಿಯ ಕೈ, ಬಂಡೀಪುರದ ಅಂಚಿನಲ್ಲಿ ಆನೆ, ಹಂದಿ ಕಾಯುವ ರಾತ್ರಿಕಾವಲಿನ ಕಾಲು, ನೆಲದಲ್ಲೇ ಮಲಗುವ ಮೈ ಯಾರವು? ಅದೇ ಅರಿಶಿನ ನಾಗರಕಲ್ಲಿಗೆ ಮೆತ್ತುತ್ತಾರೆ. 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ, ಬಹುಪಾಲು ಹಳ್ಳಿಗಾಡಿನವರು. ಎಷ್ಟೋ ಹಾವಿಗೆ ವಿಷವಿಲ್ಲ. ವಿಷದ ಹಾವೂ ಎಲ್ಲ ಸಲ ವಿಷ ಬಿಡುವುದಿಲ್ಲ. ಅಂಥವರು ಬದುಕಿದಾಗ ಮಂತ್ರ ಹಾಕಿದವನಿಗೆ ಹೆಸರು. ನಿಜವಾಗಿ ವಿಷ ಏರಿದವನಿಗೆ ಮಂತ್ರದ ಮುಂದೆ ಕಳೆದ ಹೊತ್ತೇ ಸಾವು.

ಔಷಧಿ ಬರೋದು ಹಾವಿನ ವಿಷದಿಂದಲೇ. ತಮಿಳುನಾಡಿನಲ್ಲಿ 1978ರಲ್ಲಿ ಶುರುವಾದ ಇರುಳರ ಸಹಕಾರ ಸಂಘದವರು ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಸ್ವಲ್ಪಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಮದ್ದು ಮಾಡುತ್ತಾರೆ. ದೇಶದ ಜೀವ ಉಳಿಸುವುದು ಆದಿವಾಸಿಗಳ ಈ ವಿದ್ಯೆ. ಇದಕ್ಕೆ ಯಾವ ಅರಳಿಕಟ್ಟೆಯೂ ಇಲ್ಲ.

ಕರ್ನಾಟಕ 2024ರಲ್ಲಿ ಹಾವುಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಸತ್ತವರು ಲೆಕ್ಕಕ್ಕೆ ಬಂದರೆ ಸಾಲದು. ಹಾಲೆರೆಯುವ ಅವ್ವಂದಿರನ್ನು ಹೀಯಾಳಿಸೋದು ಬ್ಯಾಡ. ಕೂಲಿಯವನ ಕಾಲಿಗೆ ಬೂಟು, ಕೈಗೆ ಬ್ಯಾಟರಿ, ಹತ್ತಿರದ ಆಸ್ಪತ್ರೆಯಲ್ಲಿ ನಡುರಾತ್ರಿಯಲ್ಲೂ ಮದ್ದು ಮತ್ತು ಮುಟ್ಟಿ ನೋಡುವ ಡಾಕ್ಟರು: ನಾವು ಕೇಳಬೇಕಾದ ವರ ಇದು.