ತೊಡೆಗೆ ಬಿದ್ದ ಏಟು

ಕಳೆದ ಬೇಸಗೆಯಲ್ಲಿ ಮಾಲೂರಿನ ಮಗಳ ಮನೆಯಲ್ಲಿ ಕೆಲವು ದಿನ ತಂಗಿದ್ದೆ. ಒಂದು ಸಂಜೆ ಮೊಮ್ಮಗನು ಮೊಬೈಲಿನ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದನು. ಕನ್ನಡಕವೇರಿಸಿ ನಾನೂ ಬಗ್ಗಿ ನೋಡಿದೆ. ಜಪಾನಿನ ‘ನರುಟೊ’ ಎಂಬ ಚಿತ್ರಮಾಲೆಯಂತೆ. ಮಸಾಶಿ ಕಿಶಿಮೊಟೊ ಎಂಬ ಚಿತ್ರಕಾರರು 1999ರಿಂದ 2014ರವರೆಗೆ ರಚಿಸಿದ ಚಿತ್ರಕಥೆ ಅದಕ್ಕೆ ಮೂಲ. ನರುಟೊ ಮತ್ತು ಸಾಸುಕೆ ಒಬ್ಬನೇ ಗುರುವಿನ ಕೈಕೆಳಗೆ ಪಳಗಿದವರು. ಗೆಳೆಯರೂ ಹೌದು, ಎದುರಾಳಿಗಳೂ ಹೌದು. ಕಟ್ಟಕಡೆಯ ಕಾಳಗದಲ್ಲಿ ತಲಾ ಒಂದೊಂದು ತೋಳನ್ನು ಕಳೆದುಕೊಂಡು ಇಬ್ಬರೂ ಅಕ್ಕಪಕ್ಕದಲ್ಲೇ ಬಿದ್ದಿದ್ದರು.

“ತಾತ, ನಿಮ್ಮ ಕಾಲದಲ್ಲಿ ಇಂಥ ಫೈಟಿಂಗ್ ಇತ್ತಾ?” ಎಂದ ಹುಡುಗ.

“ಇತ್ತಪ್ಪ. ಬೆಳಗಿನ ಜಾವದಲ್ಲಿ ಇರುತ್ತಿತ್ತು” ಎಂದೆ.

ನಮ್ಮ ಸೀಮೆಯ ಮಣ್ಣೇ ಕಾಳಗದ ಕಥೆಗಳಿಂದ ಹದಗೊಂಡದ್ದು. ಪರಶುರಾಮನು ಕಾರ್ತವೀರ್ಯನನ್ನು ಕೊಂದಾಗ ಎದ್ದ ಕೋಲಾಹಲದಿಂದಲೇ ಕೋಲಾರಕ್ಕೆ ಆ ಹೆಸರು ಬಂತೆಂದು ಐತಿಹ್ಯ. ಮುಳಬಾಗಿಲಿನ ಆಂಜನೇಯನನ್ನು ಭಾರತಯುದ್ಧದ ತರುವಾಯ ಅರ್ಜುನನು ಪ್ರತಿಷ್ಠಾಪಿಸಿದನೆಂದು ಜನರ ನಂಬಿಕೆ. ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರವೇ ಕೈವಾರವೆನ್ನುತ್ತಾರೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ಅದೂ ನಮ್ಮ ಜಿಲ್ಲೆಯದೇ. ಹೀಗಾಗಿ ಭೀಮ ದುರ್ಯೋಧನರು ನಮಗೆ ಪುರಾಣಪುರುಷರೆನ್ನುವುದಕ್ಕಿಂತ ಪಕ್ಕದೂರಿನ ನೆಂಟರಿದ್ದಂತೆ.

ನನ್ನ ಹುಟ್ಟೂರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಅನೇಕರ ಮನೆಮಾತು ತೆಲುಗು. ಆದರೆ ‘ಕುರುಕ್ಷೇತ್ರ’ ನಾಟಕ ಮಾತ್ರ ಕನ್ನಡದಲ್ಲಿ. ಸುಗ್ಗಿ ಮುಗಿದು ರಾಗಿ ಮನೆ ಸೇರಿದೊಡನೆ ಹಾರ್ಮೋನಿಯಂ ಮೇಷ್ಟ್ರು ಬರುವರು. ಅಕ್ಷರ ಬಾರದವರೂ ಕೇಳಿ ಕೇಳಿಯೇ ಕಂದಪದ್ಯಗಳನ್ನು ಬಾಯಿಪಾಠ ಮಾಡುವರು. ಪಾತ್ರಕ್ಕೆ ಇಷ್ಟು ಹಣವೆಂದು ನಿಗದಿ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು. ರಾತ್ರಿಯಿಡೀ ನಡೆವ ಆಟದಲ್ಲಿ ಗದಾಯುದ್ಧದ ಸರದಿ ಬರುವ ವೇಳೆಗೆ ಗ್ಯಾಸ್ ಲೈಟು ಮಂಕಾಗಿ, ಪೂರ್ವದ ಆಕಾಶ ಬೆಳ್ಳಗಾಗಿರುತ್ತಿತ್ತು.

ಈ ಕಾಳಗದ ಸ್ವಾರಸ್ಯವಿರುವುದು ಇಬ್ಬರ ಅಸಮಾನತೆಯಲ್ಲಿ. ಇಬ್ಬರಿಗೂ ಗದೆ ಕಲಿಸಿದವನು ಬಲರಾಮನೇ. ಭೀಮನದು ಬಲ, ದುರ್ಯೋಧನನದು ಕೌಶಲ. ವ್ಯಾಸಭಾರತದ ಪ್ರಕಾರ ದುರ್ಯೋಧನನು ಕಬ್ಬಿಣದ ಪುರುಷಾಕೃತಿಯೊಂದನ್ನು ಭೀಮನೆಂದು ಬಗೆದು ಹದಿಮೂರು ವರ್ಷ ಅದರ ಮೇಲೆ ಗದೆ ಬೀಸಿ ಪಳಗಿದ್ದನು. ಧರ್ಮದಿಂದ ಹೋರಿದರೆ ಭೀಮನಿಗೆ ಗೆಲುವಿಲ್ಲವೆಂದು ಕೃಷ್ಣನೇ ಹೇಳುತ್ತಾನೆ. ಹೊಕ್ಕುಳಿಂದ ಕೆಳಗೆ ಹೊಡೆಯಬಾರದೆಂಬುದು ನಿಯಮ. ತೊಡೆ ಮುರಿಯುವೆನೆಂಬುದು ದ್ಯೂತಸಭೆಯಲ್ಲಿ ಭೀಮನು ಮಾಡಿದ ಶಪಥ. ನಿಯಮ ಉಳಿದರೆ ಶಪಥ ಸುಳ್ಳು. ಶಪಥ ಉಳಿದರೆ ನಿಯಮ ಭಂಗ. ವ್ಯಾಸರಲ್ಲಿ ಅರ್ಜುನನು ತನ್ನ ಎಡದೊಡೆಯನ್ನು ತಟ್ಟಿ ಸನ್ನೆ ಮಾಡುತ್ತಾನೆ. ನಮ್ಮೂರಿನ ಆಟದಲ್ಲಿ ಆ ಕೆಲಸ ಕೃಷ್ಣನದು. ಕೃಷ್ಣನ ವೇಷ ನಮ್ಮ ತಂದೆಯವರದು.

1965ರ ಸುಮಾರು, ನನಗೆ ಹತ್ತು ವರ್ಷ. ಆ ಸಲ ಭೀಮ ದುರ್ಯೋಧನರಾದವರು ನಿಜಜೀವನದಲ್ಲಿಯೂ ದಾಯಾದಿಗಳು. ಪಾಲಿಗೆ ಬಂದ ಒಂದೇ ಬಾವಿ. ಕಪಿಲೆ ಹೂಡುವ ಸರದಿಗಾಗಿ ಜಗಳವಾಡಿ ಎರಡು ವರ್ಷ ಮಾತು ಬಿಟ್ಟಿದ್ದರು. ನಾಟಕದ ಗದೆ ಹಗುರವಾದದ್ದು, ಮೇಲೆ ಬೆಳ್ಳಿಯ ಕಾಗದ. ಆದರೆ ಭೀಮನು ಹುಣಿಸೆಮರದ ಗದೆಯೊಂದನ್ನು ಗುಟ್ಟಾಗಿ ಕೆತ್ತಿಸಿದ್ದಾನೆಂದು ಊರಲ್ಲೆಲ್ಲ ಪಿಸುಮಾತು. ಆ ಮಾತು ತಂದೆಯವರ ಕಿವಿಗೂ ಬಿದ್ದಿತ್ತು.

ಗದೆಗೆ ಗದೆ ತಾಗಿದಾಗ ಎದ್ದ ಸದ್ದಿನಲ್ಲೇ ಎಲ್ಲರಿಗೂ ತಿಳಿಯಿತು, ಅದು ಹುಣಿಸೆಯದೆಂದು. ಕುಣಿತ ಮೂರು ಸುತ್ತಾಯಿತು, ಐದು ಸುತ್ತಾಯಿತು. ಕೃಷ್ಣನ ಕೈ ಮಾತ್ರ ತೊಡೆಯತ್ತ ಬಾರದು. ಮೇಷ್ಟ್ರು ಅದೇ ಮಟ್ಟನ್ನು ಮತ್ತೆ ಮತ್ತೆ ನುಡಿಸಿದರು. ಭೀಮನು ಬೆವರುತ್ತ ಕೃಷ್ಣನ ಮುಖವನ್ನೇ ನೋಡತೊಡಗಿದನು. ಕೊನೆಗೆ ತಂದೆಯವರು ಕಣ್ಣು ಮುಚ್ಚಿ ತೊಡೆ ತಟ್ಟಿದರು.

ಗದೆ ಎತ್ತಿದ ಭೀಮನು ಒಂದು ಗಳಿಗೆ ಹಾಗೆಯೇ ನಿಂತನು. ಬಳಿಕ ಏಟು ಬಿತ್ತು; ದುರ್ಯೋಧನನ ತೊಡೆಯಿಂದ ಒಂದು ಗೇಣು ಆಚೆಗೆ. ಅಟ್ಟದ ಹಲಗೆ ಸೀಳಿಹೋಯಿತು. ದುರ್ಯೋಧನನು ನಿಜವಾಗಿಯೇ ನಡುಗಿ ಕುಸಿದನು. ಇರುಳೆಲ್ಲ ಅವನನ್ನು ಶಪಿಸುತ್ತಿದ್ದ ಹೆಂಗಸರು ಸೆರಗಿನಲ್ಲಿ ಕಣ್ಣೊರಸಿಕೊಂಡರು. ಬಣ್ಣ ಒರಸಿಕೊಳ್ಳುತ್ತ ತಂದೆಯವರು ಅಂದದ್ದು ಇಷ್ಟೇ: “ಹೊಡೆಯುವವನಿಗಿಂತ ಸನ್ನೆ ಮಾಡುವವನ ಕೈ ಹೆಚ್ಚು ನಡುಗುತ್ತದೆ.”

ದಾಯಾದಿಗಳು ಅಂದೇ ತಬ್ಬಿಕೊಂಡರೆಂದು ಬರೆದರೆ ಸುಳ್ಳಾಗುತ್ತದೆ. ಬಾವಿಯ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ತೀರ್ಪು ಬರುವ ಹೊತ್ತಿಗೆ ಬಾವಿಯೇ ಬತ್ತಿತ್ತು. ಆದರೆ ಆ ಮನುಷ್ಯ ಮತ್ತೆಂದೂ ಭೀಮನ ವೇಷ ಕಟ್ಟಲಿಲ್ಲ. ಹುಣಿಸೆಯ ಗದೆ ಬಹುಕಾಲ ಅವನ ಮನೆಯ ಅಟ್ಟದ ಮೇಲಿತ್ತು.

ಕಥೆ ಮುಗಿದಾಗ ಮೊಮ್ಮಗನು ಮೊಬೈಲನ್ನು ಕೆಳಗಿಟ್ಟಿದ್ದನು. “ಗೆದ್ದಿದ್ದು ಭೀಮ ತಾನೆ? ಮತ್ತೆ ಜನ ದುರ್ಯೋಧನನಿಗೆ ಯಾಕೆ ಅತ್ತರು?” ಎಂದ.

ಸಾವಿರ ವರ್ಷಗಳ ಹಿಂದೆ ಮುಧೋಳದ ರನ್ನನು ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಸಾಹಸಭೀಮ ವಿಜಯ’ವನ್ನು ಬರೆದನು. ಗೆಲುವು ಭೀಮನದೇ ಆದರೂ ಕಾವ್ಯವನ್ನು ಓದಿ ಮುಗಿಸಿದವರ ಎದೆಯಲ್ಲಿ ಉಳಿಯುವವನು ತೊಡೆ ಮುರಿದು ಬಿದ್ದ ದುರ್ಯೋಧನ. ಹುಡುಗನ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. ಅವನು ಇನ್ನೂ ಏಳನೆಯ ತರಗತಿ. ಮುಂದೊಂದು ದಿನ ರನ್ನನನ್ನು ಓದುವನು. ಆಗ ತಾನೇ ಕಂಡುಕೊಳ್ಳಲಿ.